ಎರಡನೇ ತುತ್ತು

ಟೊಪ್ಪಿಗೆ ಸಿದ್ಧವಾಗಿತ್ತು. ಕಪ್ಪು ರಟ್ಟನ್ನು ತಲೆಯಳತೆಗೆ ಸುತ್ತಿ, ಮೇಲೊಂದು ಚೌಕ ರಟ್ಟು ಕೂರಿಸಿ, ಮೂಲೆಗೆ ಕೆಂಪು ಕುಚ್ಚು ಕಟ್ಟಿಯಾಗಿತ್ತು. ಅದರ ಮೇಲೆ ಏನು ಅಂಟಿಸಬೇಕೆಂಬುದು ಮಾತ್ರ ಯಾರಿಗೂ ಹೊಳೆಯುತ್ತಿರಲಿಲ್ಲ. ಹೆನ್ರಿಕ ಬಿಸಿ ಅಂಟಿನ ಗನ್ನು ಹಿಡಿದು, ಅದರ ತುದಿಯಿಂದ ತೊಟ್ಟಿಕ್ಕುವ ಅಂಟನ್ನು ಹಳೆಯ ಪತ್ರಿಕೆಯ ಮೇಲೆ ಬೀಳಿಸುತ್ತಾ ನಿಂತಿದ್ದಳು. ಜರ್ಮನಿಯ ಆ ಸಣ್ಣ ಊರಿನ ವಿಶ್ವವಿದ್ಯಾಲಯದ ಮಣ್ಣುಶಾಸ್ತ್ರದ ವಿಭಾಗದಲ್ಲಿ ಯಾರು ಡಾಕ್ಟರೇಟ್ ಪಾಸಾದರೂ ಪರೀಕ್ಷೆ ಮುಗಿದ ಕೂಡಲೇ ಇಂಥದೊಂದು ಟೊಪ್ಪಿಗೆ ತಲೆಗೇರಬೇಕು. ಅದನ್ನು ಜೊತೆಯವರೇ ಗುಟ್ಟಾಗಿ ಮಾಡಬೇಕು. ಆ ಮನುಷ್ಯನ ಹುಚ್ಚು, ಚಟ, ಪ್ರೇಮ, ಪೇಚಾಟಗಳೆಲ್ಲ ಆಟಿಕೆಗಳಾಗಿ ಅದರ ಮೇಲೆ ಕುಣಿಯಬೇಕು. ಪಕ್ಕದಲ್ಲಿ ಕುಳಿತಿದ್ದ ಗೆಜೀನಳ ಟೊಪ್ಪಿಗೆಯ ಮೇಲೆ ಒಡೆದ ಥರ್ಮಾಮೀಟರು, ಗೊಂಬೆಯ ರಬ್ಬರ್ ಬೂಟು, ಹೊಲದ ಕೆಸರಿನಲ್ಲಿ ಅವಳು ಕಳೆದುಕೊಂಡಿದ್ದ ನಿಶ್ಚಿತಾರ್ಥದ ಉಂಗುರದ ನೆನಪಿಗೆ ಒಂದು ಕಿಟಕಿ ಪರದೆಯ ಬಳೆ ಇದ್ದವು. ಅಂದು ಅವಳು ನಗುನಗುತ್ತಲೇ ಅತ್ತಿದ್ದಳು. ಇಷ್ಟು ಜನ ನನ್ನನ್ನು ಇಷ್ಟು ಗಮನಿಸಿದ್ದರಲ್ಲ ಎಂದು. ಆ ಟೊಪ್ಪಿಗೆ ಈಗಲೂ ಮನೆಯ ಅಟ್ಟದ ಮೇಲಿದೆ.

"ನೀನೇ ಹೇಳ್ಬೇಕು ಕಣೇ ಗೆಜೀನ. ವಿದೇಶಿ ಮಕ್ಕಳ ತಾಯಿ ಅಲ್ವಾ ನೀನು? ಅಸ್ರಾತ್‌ಗೆ ಏನಿಷ್ಟ?" ಎಂದಳು ಹೆನ್ರಿಕ.

"ಮಣ್ಣು," ಎಂದ ಯೋಸ್ಟ್. ಅವನು, ಇವತ್ತು ಪರೀಕ್ಷೆಗೆ ಕೂರಲಿದ್ದ ಅಸ್ರಾತ್‌ನ ಪಕ್ಕದ ಮೇಜಿನವನು, ನಾಲ್ಕು ವರ್ಷದಿಂದ. "ಮಣ್ಣು ಬಿಟ್ಟು ಅವನು ಬೇರೆ ಮಾತಾಡಿದ್ದು ನಾನಂತೂ ಕೇಳಿಲ್ಲ. ಒಂದು ಹಿಡಿ ಮಣ್ಣು ಅಂಟಿಸ್ಬಿಡಿ, ಕಥೆ ಮುಗೀತು."

"ಬಿಯರ್ ಬಾಟಲಿ ಮುಚ್ಚಳ ಹಾಕೋಣ ಅಂದ್ರೆ, ಅವನು ಮುಸ್ಲಿಮ್ ಅಲ್ವಾ?"

"ಕ್ರಿಶ್ಚಿಯನ್," ಎಂದಳು ಗೆಜೀನ.

"ಹೌದಾ? ಮತ್ತೆ ಕ್ಯಾಂಟೀನಲ್ಲಿ ಹಂದಿಮಾಂಸ ಮುಟ್ತಿರ್ಲಿಲ್ಲ?"

"ಅವರ ಚರ್ಚಿನೋರು ತಿನ್ನಲ್ಲ." ಇಷ್ಟು ಹೇಳಿದ ಮೇಲೆ ಮುಂದೇನು ಹೇಳಬೇಕೆಂದು ಗೆಜೀನಳಿಗೆ ತಿಳಿಯಲಿಲ್ಲ. ಅವನಿಗೆ ಅಕ್ಕತಂಗಿಯರಿದ್ದಾರೆಯೇ? ಹಾಡುತ್ತಾನೆಯೇ? ಯಾರನ್ನಾದರೂ ಪ್ರೀತಿಸಿದ್ದನೇ? ವಿಭಾಗದ ಕಾರಿಡಾರಿನಲ್ಲಿ ಗೋಡೆಯುದ್ದದ ಭೂಪಟವಿತ್ತು. ವಿದ್ಯಾರ್ಥಿಗಳು ಬಂದ ಊರುಗಳಿಗೆಲ್ಲ ಬಣ್ಣದ ಗುಂಡುಪಿನ್ನು ಚುಚ್ಚುವ ಕೆಲಸ ಗೆಜೀನಳದು. ಮೊದಮೊದಲು ಬೆರಳೆಣಿಕೆಯಷ್ಟಿದ್ದ ಪಿನ್ನುಗಳು ಈಗ ಕೆಲವು ಕಡೆ ಒಂದನ್ನೊಂದು ತಳ್ಳುತ್ತಿದ್ದವು. ಪ್ರತಿ ವರ್ಷ ಕುಲಪತಿಗಳು ಆ ಭೂಪಟದ ಮುಂದೆ ನಿಂತು, ಜಗತ್ತು ನಮ್ಮ ಈ ಸಣ್ಣ ಊರಿಗೆ ಬಂದಿದೆ ಎಂದು ಭಾಷಣ ಮಾಡುತ್ತಿದ್ದರು. ಪ್ರತಿ ಸಲ ಗೆಜೀನಳ ತಾತ್ಕಾಲಿಕ ಕೆಲಸ ಇನ್ನೊಂದಿಷ್ಟು ಕಾಲ ಮುಂದುವರಿಯುತ್ತಿತ್ತು. ಅವಳ ಸಂಶೋಧನೆಗೆ ಯಾರೂ ಕೊಡದ ಸಂಬಳವನ್ನು 'ಅತಿಥಿ ವಿದ್ಯಾರ್ಥಿಗಳ ಆಪ್ತ ಸಲಹೆಗಾರ್ತಿ' ಎಂಬ ಹುದ್ದೆಗೆ ಕೊಡುತ್ತಿದ್ದರು. ಭೂಪಟದ ಪಕ್ಕದಲ್ಲಿ ಅಸ್ರಾತ್‌ನದೇ ದೊಡ್ಡ ಚಿತ್ರ. ಬೊಗಸೆಯಲ್ಲಿ ಮಣ್ಣು ಹಿಡಿದು ನಗುತ್ತಿರುವ ಅವನ ಕೆಳಗೆ 'ಇಲ್ಲಿ ನಾನು ಮನೆಯಲ್ಲಿದ್ದಂತಿದ್ದೇನೆ' ಎಂದು ಅಚ್ಚಾಗಿತ್ತು. ಆ ವಾಕ್ಯವನ್ನು ಅವನು ಹೇಳಿರಲಿಲ್ಲ. ಗೆಜೀನ ಬರೆದು ಕೊಟ್ಟಿದ್ದಳು.

ಅವಳು ಬರೆದದ್ದು ಅದೊಂದೇ ಅಲ್ಲ. ಹೊಸದಾಗಿ ಬಂದವರ ಕೈಗೆ ಕೊಡುವ ಪುಸ್ತಿಕೆಯ ಮೊದಲ ಪುಟದಲ್ಲಿ 'ನಮ್ಮ ಮನೆಗಳ ಬಾಗಿಲು ನಿಮಗೆ ಸದಾ ತೆರೆದಿದೆ' ಎಂದು ಬರೆದವಳೂ ಅವಳೇ. ಎಲ್ಲೋ ಒಳಪುಟದಲ್ಲಿ, ಜರ್ಮನಿಯಲ್ಲಿ ಮೊದಲೇ ತಿಳಿಸದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ ಎಂದು ಬರೆದವಳೂ ಅವಳೇ. ಅಸ್ರಾತ್ ಮೊದಲ ಪುಟವನ್ನು ನಂಬಿದ್ದ. ಅವನು ಬಂದ ಮೊದಲ ಚಳಿಗಾಲ, ಕ್ರಿಸ್ಮಸ್‌ಗೆ ಮುಂಚಿನ ಒಂದು ಭಾನುವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಮೇಜಿನ ಮೇಲೆ ಬಾತುಕೋಳಿ, ಕೆಂಪುಕೋಸು, ಆಲೂಗೆಡ್ಡೆಯ ಉಂಡೆ. ಗಂಡ ಫೋಲ್ಕರ್ ಮಾಂಸ ಕೊಯ್ಯುವ ಚಾಕು ಮಸೆಯುತ್ತಿದ್ದ, ಅವನ ತಾಯಿ ಮೇಣದ ಬತ್ತಿ ಹಚ್ಚುತ್ತಿದ್ದರು. "ಈ ಹೊತ್ತಿಗೆ ಯಾರಪ್ಪಾ?" ಎಂದು ಅತ್ತೆ ಕೇಳಿದ ದನಿಯಲ್ಲೇ ಗೆಜೀನಳೂ ಬಾಗಿಲು ತೆರೆದಳು. ಬೇಸಿಗೆಯ ಜಾಕೀಟು, ಹೆಗಲ ಮೇಲೆ ಹಿಮ. ಭಾನುವಾರ ಬಸ್ಸಿಲ್ಲ, ಹೊಳೆಯಾಚೆಯ ವಿದ್ಯಾರ್ಥಿ ನಿಲಯದಿಂದ ನಡೆದೇ ಬಂದಿದ್ದ. ಎರಡೂ ಕೈಯಲ್ಲಿ ಒಂದು ಹುಲ್ಲಿನ ಬುಟ್ಟಿ ಹಿಡಿದಿದ್ದ. ಸಿಂಬಿ ಸುತ್ತಿದಂತೆ ಸುತ್ತಿ ಸುತ್ತಿ ಹೆಣೆದ, ನೇರಳೆ ಹಸಿರು ಬಣ್ಣದ, ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣ ಬುಟ್ಟಿ. "ನಮ್ಮಮ್ಮ ಹೆಣೆದದ್ದು. ನಿಮ್ಮ ಮನೆ ಊಟದ ಮೇಜಿಗೆ," ಎಂದ, ಬಾಯಿಪಾಠ ಮಾಡಿಕೊಂಡು ಬಂದಿದ್ದ ಜರ್ಮನ್‌ನಲ್ಲಿ.

ಅವಳು ಬುಟ್ಟಿ ತೆಗೆದುಕೊಂಡಳು. ಎಷ್ಟು ಚೆನ್ನಾಗಿದೆ ಎಂದಳು. ಆಮೇಲೆ, "ನಾವು ಈಗ ಊಟಕ್ಕೆ ಕೂತಿದೀವಿ," ಎಂದಳು. ಇದು ಅವಳ ಊರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು. ಊಟಕ್ಕೆ ಕೂತಿದ್ದೇವೆ ಎಂದರೆ ಬಂದವರು ಅಯ್ಯೋ ಕ್ಷಮಿಸಿ ಎಂದು ಹಿಂದೆ ಸರಿಯಬೇಕು. ಅವನು ಸರಿಯಲಿಲ್ಲ. ಮುಖ ಅರಳಿತು. ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ಊಟದ ಹೊತ್ತಿಗೆ ಬಂದವನನ್ನು ಒಳಗೆ ಕರೆಯುವುದಕ್ಕೇ ಆ ಮಾತು ಇರುವುದೆಂದು ಅವನು ತಿಳಿದಿರಬೇಕು. ಒಂದು ಬೂಟು ಬಿಚ್ಚಿ, ಒದ್ದೆಯಾದ ಕಾಲುಚೀಲದ ಹೆಬ್ಬೆರಳು ಕಾಣುವಂತೆ ನಿಂತು ತಲೆಯೆತ್ತಿದಾಗ ಗೆಜೀನ ಬಾಗಿಲ ಅಂಚನ್ನು ಹಿಡಿದುಕೊಂಡೇ ಇದ್ದಳು. ಅವಳ ಮುಖದಲ್ಲಿ ಏನು ಕಂಡನೋ. ಮತ್ತೆ ಬಗ್ಗಿದ. ಗಂಟು ಹಾಕಲು ಬೆರಳು ಮರಗಟ್ಟಿದ್ದರಿಂದ ತುಂಬ ಹೊತ್ತು ಹಿಡಿಯಿತು. ಒಳಗಿನಿಂದ ಬೆಣ್ಣೆಯ ವಾಸನೆ ಬರುತ್ತಿತ್ತು. "ಯಾರೇ ಅದು?" ಎಂದು ಫೋಲ್ಕರ್ ಕೇಳಿದಾಗ, "ನಮ್ಮ ವಿಭಾಗದ ಹುಡುಗ, ಏನೋ ಕೊಡೋಕೆ ಬಂದಿದ್ದ," ಎಂದು ಬಾತುಕೋಳಿಯ ಮುಂದೆ ಬಂದು ಕುಳಿತಿದ್ದಳು. ಕುಳಿತವಳು ಉಂಡಿದ್ದಳು ಕೂಡ.

ಅಷ್ಟೇ ಆಗಿದ್ದರೆ ಬದುಕಬಹುದಿತ್ತು. ಮನುಷ್ಯರು ಪರಸ್ಪರ ಇದಕ್ಕಿಂತ ಹೆಚ್ಚಿನದನ್ನು ಮಾಡಿಕೊಂಡು ಮರೆತಿದ್ದಾರೆ. ಬುಟ್ಟಿ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತ ಕುಳಿತಿತು. ಮರುವರ್ಷ ವಿಭಾಗದ ಕ್ರಿಸ್ಮಸ್ ಕೂಟದ ಸಂಜೆ ಎಲ್ಲರೂ ತಂತಮ್ಮ ಮನೆಯ ಬೇಡದ ವಸ್ತುವೊಂದನ್ನು ಪತ್ರಿಕೆಯಲ್ಲಿ ಸುತ್ತಿ ತರಬೇಕಿತ್ತು. ದಾಳ ಹಾಕಿ ಗೆದ್ದವರು ಒಂದೊಂದೇ ಪೊಟ್ಟಣ ಬಿಚ್ಚುವುದು, ಎಂಥ ಕಸ ಸಿಕ್ಕಿತೆಂದು ಎಲ್ಲರೂ ನಗುವುದು, ಯಾರು ತಂದದ್ದೆಂದು ಯಾರೂ ಹೇಳದಿರುವುದು. ಪ್ರತಿ ವರ್ಷದ ಆಟ. ಗೆಜೀನಳಿಗೆ ಹೊತ್ತಾಗಿತ್ತು. ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿದಳು. "ಅದನ್ನೇ ತಗೊಂಡೋಗು," ಎಂದು ಫೋಲ್ಕರ್ ಫ್ರಿಜ್ಜಿನ ಕಡೆ ಗದ್ದ ತೋರಿಸಿದ. ಅವಳು ಸುತ್ತಿಕೊಂಡು ಓಡಿದಳು. ಕೂಟಕ್ಕೆ ಅಸ್ರಾತ್ ಬರುತ್ತಾನೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆದೂ ಮಾಡಿದ್ದರೆ ಅದನ್ನು ಕ್ರೌರ್ಯವೆನ್ನಬಹುದಿತ್ತು, ಕ್ರೌರ್ಯಕ್ಕೆ ಕ್ಷಮೆ ಕೇಳಬಹುದಿತ್ತು. ಹೊಳೆಯಲೇ ಇಲ್ಲವೆಂಬುದಕ್ಕೆ ಏನೆಂದು ಕ್ಷಮೆ ಕೇಳುವುದು? ಯೋಸ್ಟ್‌ನ ದಾಳ ಬಿತ್ತು. ಪತ್ರಿಕೆ ಹರಿದು ಬುಟ್ಟಿಯನ್ನು ಎತ್ತಿ ಹಿಡಿದು, "ಇದೇನ್ರೋ, ಬೆಕ್ಕಿನ ಟೊಪ್ಪಿಗೇನಾ?" ಎಂದು ತಲೆಯ ಮೇಲಿಟ್ಟುಕೊಂಡ. ಕೋಣೆಗೆ ಕೋಣೆಯೇ ನಕ್ಕಿತು. ಗೆಜೀನ ಅಸ್ರಾತ್‌ನನ್ನು ನೋಡಿದಳು. ಅವನು ಬುಟ್ಟಿಯನ್ನು ನೋಡುತ್ತಿದ್ದ. ಆಮೇಲೆ ಎಲ್ಲರಿಗಿಂತ ಸ್ವಲ್ಪ ತಡವಾಗಿ ಅವನೂ ನಕ್ಕ. ಆಟದ ನಿಯಮ ಸರಿಯಾಗಿ ತಿಳಿಯದೆ ಅವನು ತಂದಿದ್ದು ಒಳ್ಳೆಯ ಕಾಫಿಬೀಜದ ಪೊಟ್ಟಣ. ಅದು ಪ್ರೊಫೆಸರ್ ಓಸ್ಟರ್‌ಲೋ ಅವರಿಗೆ ಸಿಕ್ಕಿ, "ಇಷ್ಟೊಳ್ಳೆ ಕಾಫೀನ ಎಸೆಯೋ ಪುಣ್ಯಾತ್ಮ ಯಾರಪ್ಪಾ?" ಎಂದು ಅವರು ಕೇಳಿದಾಗ ಮತ್ತೆ ನಗು. ಯೋಸ್ಟ್ ಬುಟ್ಟಿಯನ್ನು ಮನೆಗೊಯ್ಯಲಿಲ್ಲ. ಅದು ವಿಭಾಗದ ಚಹಾ ಕೋಣೆ ಸೇರಿತು. ಅಂದಿನಿಂದ ಅದರಲ್ಲಿ ಚಹಾ ಪೊಟ್ಟಣಗಳು. ಅಸ್ರಾತ್ ದಿನವೂ ಅದರೊಳಗೆ ಕೈಹಾಕಿ ಒಂದು ಪೊಟ್ಟಣ ತೆಗೆದುಕೊಳ್ಳುವುದನ್ನು ಗೆಜೀನ ನೋಡಿದ್ದಾಳೆ. ಎಷ್ಟೋ ಸಲ, ಇವತ್ತು ಮನೆಗೆ ಒಯ್ದುಬಿಡುತ್ತೇನೆ ಎಂದುಕೊಂಡಿದ್ದಾಳೆ. ಯಾರಾದರೂ ಕೇಳಿದರೆ ಏನು ಹೇಳುವುದೆಂದು ಹೆದರಿ ಬಿಟ್ಟಿದ್ದಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಹಾಗೆ, ಬುಟ್ಟಿಯ ಮಾತು ಬಂದಾಗಲೆಲ್ಲ ಎದ್ದು ಹೋಗಿದ್ದಾಳೆ.

ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಅವನು ಅವಳನ್ನು ನಿಲ್ಲಿಸಿದ. ಯಾರದೋ ಕೋಟು, ತೋಳು ಉದ್ದವಾಗಿತ್ತು. ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ತಪಲೆ. ಪಾಸಾದವನೇ ಎಲ್ಲರಿಗೂ ಉಣಿಸಬೇಕು, ಅದು ಇಲ್ಲಿಯ ಪದ್ಧತಿ. ಅದನ್ನು ಅವನು ಕೇಳಿ ತಿಳಿದುಕೊಂಡಿದ್ದ. "ಫ್ರಾವ್ ಗೆಜೀನ," ಎಂದ. ಶ್ರೀಮತಿ ಎನ್ನುವ ಫ್ರಾವ್ ಮುಂದೆ ಮನೆತನದ ಹೆಸರೇ ಬರಬೇಕಾದ ಊರಿನಲ್ಲಿ ಅವನು ಮಾತ್ರ ಅವಳನ್ನು ಹೀಗೆ, ಮರ್ಯಾದೆಗೆ ಮರ್ಯಾದೆ, ಸ್ವಂತ ಹೆಸರಿಗೆ ಸ್ವಂತ ಹೆಸರು ಸೇರಿಸಿ ಕರೆಯುತ್ತಿದ್ದ. "ನಾಳೆ ಬೆಳಿಗ್ಗೆ ನನ್ನ ವಿಮಾನ. ನಿಮ್ಮ ಹತ್ರ ಒಂದು ಕೇಳ್ಬೇಕಿತ್ತು. ಇಲ್ಲ ಅನ್ನೋದಾದ್ರೆ ಅನ್ನಿ, ಬೇಜಾರಿಲ್ಲ."

"ಹೇಳಿ ಅಸ್ರಾತ್, ಏನು ಬೇಕಾದ್ರೂ."

"ಚಹಾ ಕೋಣೇಲಿದೆಯಲ್ಲ, ಆ ಬುಟ್ಟಿ. ಒಂದು ಸಂಜೆಗೆ ಅದನ್ನ ನಿಮ್ಮನೆಗೆ ತಗೊಂಡು ಹೋಗಿ, ಮೇಜಿನ ಮೇಲಿಟ್ಟು, ಅದರೊಳಗೆ ಬ್ರೆಡ್ ಹಾಕಿ ಒಂದು ಫೋಟೋ ತೆಗೀತೀರಾ? ಅಮ್ಮ ಕೇಳ್ತಾಳೆ. ನಿಮ್ಮ ಮನೆಯೋರು ಅದರಲ್ಲೇ ಬ್ರೆಡ್ ಇಟ್ಟು ತಿಂತಾರೆ ಅಂತ ಹೇಳಿದೀನಿ. ಪ್ರತಿ ಸಲ ಫೋಟೋ ಅಂದಾಗ ಏನಾದ್ರೂ ನೆಪ ಹೇಳ್ತಿದ್ದೆ. ನಾಳೆ ಮುಖಾಮುಖಿ ಕೇಳ್ತಾಳೆ."

ಅವನು ಗದರಲಿಲ್ಲ, ಚುಚ್ಚಲಿಲ್ಲ. ಪಕ್ಕದ ಮನೆಯವರ ಹತ್ತಿರ ಏಣಿ ಕೇಳುವವನ ಹಾಗೆ ಕೇಳಿದ. "ಇವತ್ತೇ, ಸಂಜೆಯೇ ಕಳಿಸ್ತೀನಿ," ಎಂದಳು. "ಪ್ರಮಾಣ," ಎಂದೂ ಸೇರಿಸಿದಳು, ಸಣ್ಣ ಹುಡುಗಿಯಂತೆ. ನಾಲ್ಕು ವರ್ಷದಲ್ಲಿ ಅವನು ಅವಳಿಂದ ಬೇಡಿದ್ದು ಇದೊಂದೇ. ಇದಾಗಿಬಿಟ್ಟರೆ, ಈ ಒಂದು ಚಿತ್ರ ಆ ತಾಯಿಯ ಕಣ್ಣಿಗೆ ಬಿದ್ದುಬಿಟ್ಟರೆ, ಅವಳು ಆ ಬಾಗಿಲನ್ನು ಹೇಗೋ ಇನ್ನೊಮ್ಮೆ ತೆರೆದಂತಾಗುತ್ತದೆ.

"ಜಿರಾಫೆ ಇದೆ ನನ್ ಮಗಳದ್ದು, ಪ್ಲಾಸ್ಟಿಕ್ಕಿನದು," ಎನ್ನುತ್ತಿದ್ದ ಯೋಸ್ಟ್, ಇತ್ತ ಟೊಪ್ಪಿಗೆಯ ಮುಂದೆ.

"ಹಾಕು, ಏನೂ ಇಲ್ದಿರೋದಕ್ಕಿಂತ ವಾಸಿ," ಎಂದಳು ಹೆನ್ರಿಕ.

ಗೆಜೀನ ಎದ್ದಳು. ಈಗಲೇ ಬುಟ್ಟಿಯನ್ನು ಚೀಲಕ್ಕೆ ಹಾಕಿಕೊಂಡುಬಿಡಬೇಕು, ಯಾರು ಏನಾದರೂ ಕೇಳಿಕೊಳ್ಳಲಿ. ಚಹಾ ಕೋಣೆಗೆ ನಡೆಯುವಾಗ ಅವಳಿಗೆ ಬಹಳ ದಿನಗಳ ಮೇಲೆ ಹಗುರವೆನಿಸಿತು. ಸಂಜೆ ಯಾವ ಬ್ರೆಡ್ಡು ಕೊಳ್ಳುವುದೆಂದೂ ಯೋಚಿಸಿದಳು. ಗಸಗಸೆ ಹಾಕಿದ್ದು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ದಾರಿಯಲ್ಲಿ ಪ್ರೊಫೆಸರ್ ಓಸ್ಟರ್‌ಲೋ ಎದುರಾಗಿ ಪ್ರಚಾರ ವಿಭಾಗದಿಂದ ಫೋಟೋದವನು ಬರುತ್ತಾನೆ, ಹೊಸ ಪುಸ್ತಿಕೆಗೆ ಬೇಕಂತೆ, ಎಲ್ಲರೂ ನಗುಮುಖದಿಂದ ಇರಬೇಕು, ನೀವು ವಿಶೇಷವಾಗಿ, ಎಂದು ಹೇಳಿ ಅವಳನ್ನು ತಡೆದು ನಿಲ್ಲಿಸಿದರು. ಅವರಿಂದ ಬಿಡಿಸಿಕೊಂಡು ಹೋಗುವಷ್ಟರಲ್ಲಿ ಚಹಾ ಪೊಟ್ಟಣಗಳು ಕಟ್ಟೆಯ ಮೇಲೆ ರಾಶಿ ಬಿದ್ದಿದ್ದವು. ಬುಟ್ಟಿ ಇರಲಿಲ್ಲ. ಅವಳು ಕಪಾಟು ತೆರೆದಳು, ಪಾತ್ರೆ ತೊಳೆಯುವ ಯಂತ್ರ ತೆರೆದಳು, ಕಸದ ಡಬ್ಬಿಯೊಳಗೂ ಇಣುಕಿದಳು. ಕಾರಿಡಾರಿನ ಆ ತುದಿಯಿಂದ ಹೆನ್ರಿಕಳ ಗೆದ್ದ ದನಿ ಕೇಳಿತು. "ಗೆಜೀನಾ, ಬಾರೇ ಇಲ್ಲಿ! ಸಿಕ್ತು!"

ಬುಟ್ಟಿ ಟೊಪ್ಪಿಗೆಯ ಮೇಲೆ ಕವುಚಿ ಕುಳಿತಿತ್ತು. ಅದರ ಬಾಯಿಯ ಸುತ್ತ ಅಂಟು ಬಿಳಿಯಾಗಿ ಗಟ್ಟಿಯಾಗುತ್ತಿತ್ತು. ನೆತ್ತಿಯಲ್ಲಿ ಜಿರಾಫೆ.

"ಯೋಸ್ಟ್‌ಗೆ ಹೊಳೀತು ನೋಡು. ಆಫ್ರಿಕಾದ್ದೇ ಇರ್ಬೇಕು ಅಲ್ವಾ ಇದು? ಎಷ್ಟು ದಿನದಿಂದ ಕಣ್ಮುಂದೇನೇ ಇತ್ತು!"

"ಅದನ್ನ ತೆಗೀರಿ," ಎಂದಳು ಗೆಜೀನ.

"ಯಾಕೆ?"

ಯಾಕೆಂದು ಹೇಳುವುದು ಎಷ್ಟು ಸುಲಭವಿತ್ತು. ಇದು ಅವನ ತಾಯಿ ಹೆಣೆದದ್ದು, ನನಗೆ ಕೊಟ್ಟದ್ದು, ನಾನು ಕಸವೆಂದು ತಂದು ಇಲ್ಲಿ ಹಾಕಿದೆ. ಇಷ್ಟೇ. ನಾಲಗೆ ತುದಿಯವರೆಗೆ ಬಂತು ಕೂಡ. ಅಲ್ಲಿಗೆ ಬಂದು ಬೇರೆ ಮಾತಾಯಿತು. "ಆಫ್ರಿಕಾದೋನು ಅಂತ ಆಫ್ರಿಕಾದ ಬುಟ್ಟಿ... ವರ್ಣಭೇದ ಅನ್ಸಲ್ವಾ ಇದು?"

ಹೆನ್ರಿಕಳ ಮುಖ ಬಿಳಿಚಿತು. ಆ ಪದ ಆ ಕಟ್ಟಡದಲ್ಲಿ ಬೆಂಕಿ ಎಂದು ಕೂಗಿದಂತೆ. ಯೋಸ್ಟ್ ಮಾತ್ರ, "ಲೇ, ಜಿರಾಫೆ ಅಂದಾಗ ಸುಮ್ನಿದ್ದೆ, ಬುಟ್ಟಿಗೆ ಬಂತಾ ವರ್ಣಭೇದ?" ಎಂದ.

"ಇಲ್ಲ ಇಲ್ಲ, ಇರು," ಎಂದು ಹೆನ್ರಿಕ ಚೇತರಿಸಿಕೊಂಡಳು. "ಜಿರಾಫೆ ತಪ್ಪು, ಅದನ್ನ ತೆಗೆಯೋಣ. ಬುಟ್ಟಿ ಅವರ ಸಂಸ್ಕೃತಿಗೆ ತೋರ್ಸೋ ಗೌರವ. ಕೈಕೆಲಸ ಅಲ್ವಾ? ಹೋದ ವರ್ಷದ ತರಬೇತೀಲಿ ನೀನೇ ತಾನೇ ಹೇಳ್ಕೊಟ್ಟಿದ್ದು, ಅತಿಥಿಗಳ ಕುಶಲಕಲೇನ ಗುರುತಿಸ್ಬೇಕು ಅಂತ."

ಹೇಳಿಕೊಟ್ಟಿದ್ದಳು. ಚಿತ್ರಗಳನ್ನು ತೋರಿಸಿ ಹೇಳಿಕೊಟ್ಟಿದ್ದಳು. ಹೆನ್ರಿಕ ಜಿರಾಫೆಯನ್ನು ಕಿತ್ತು ಕಿಟಕಿಯ ಮೇಲಿಟ್ಟಳು. ಅಷ್ಟರಲ್ಲಿ ಪರೀಕ್ಷೆಯ ಗಂಟೆಯಾಗಿ, ಎಲ್ಲರೂ ಎದ್ದರು. ಟೊಪ್ಪಿಗೆಯ ಮೇಲೆ ಒಂದು ಟವಲು ಹೊದಿಸಿದರು.

ಅಸ್ರಾತ್ ತನ್ನ ಊರಿನ ಗುಡ್ಡಗಳ ಬಗ್ಗೆ ಮಾತಾಡಿದ. ಪರದೆಯ ಮೇಲೆ ಕಲ್ಲು ಕಟ್ಟಿದ ಮೆಟ್ಟಿಲು ಹೊಲಗಳು ಬಂದವು. ಒಂದು ಸಾಲಿನ ಒಂದು ಕಲ್ಲು ಜಾರಿದರೆ ಮಳೆಗಾಲ ಮುಗಿಯುವುದರೊಳಗೆ ಕೆಳಗಿನ ಸಾಲುಗಳೆಲ್ಲ ಹೇಗೆ ಹೋಗುತ್ತವೆಂದು ಗೆರೆ ಎಳೆದು ತೋರಿಸಿದ. ಅವನು ಇಷ್ಟು ಚೆನ್ನಾಗಿ ಮಾತಾಡುತ್ತಾನೆಂದು ಗೆಜೀನಳಿಗೆ ಗೊತ್ತಿರಲಿಲ್ಲ. ಒಂದು ಚಿತ್ರದ ಮೂಲೆಯಲ್ಲಿ ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ಬಿಳಿ ಸೆರಗು ಹೊದ್ದು ಕುಳಿತಿದ್ದಳು. ಮಡಿಲಲ್ಲಿ ಏನೋ ಇತ್ತು. ಅವಳೇ ಇರಬಹುದೇ? ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ ಚಿತ್ರ ಹೋಯಿತು. ಇನ್ನು ಸ್ವಲ್ಪ ಹೊತ್ತಿಗೆ ಟೊಪ್ಪಿಗೆ ಅವನ ತಲೆಗೇರಿದಾಗ ಎಲ್ಲರೂ ನಗುತ್ತಾರೆ. ಅವನೂ, ಸ್ವಲ್ಪ ತಡವಾಗಿ, ನಗುತ್ತಾನೆ. ಫೋಟೋದವನು ಅದನ್ನು ಹಿಡಿಯುತ್ತಾನೆ, ಪುಸ್ತಿಕೆಯಲ್ಲಿ ಅಚ್ಚಾಗುತ್ತದೆ, ಎಲ್ಲ ದೇಶಗಳಿಗೂ ಹೋಗುತ್ತದೆ. ಆ ಹೆಂಗಸಿನ ಕೈಗೂ ಬರುತ್ತದೆ. ಊಟದ ಮೇಜಿನ ಮೇಲಿರಬೇಕಾದ ಬುಟ್ಟಿ ಮಗನ ತಲೆಯ ಮೇಲೆ ಕವುಚಿಕೊಂಡಿರುವುದು. ದೇವರೇ, ಎಂದುಕೊಂಡಳು ಗೆಜೀನ, ದೇವರನ್ನು ನಂಬುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದವಳು. ಪ್ರಶ್ನೆಗಳು ಮುಗಿದು, ಪರೀಕ್ಷಕರು ಬಾಗಿಲು ಹಾಕಿಕೊಂಡು ತೀರ್ಮಾನ ಮಾಡಲು ಕುಳಿತರು. ಉಳಿದವರೆಲ್ಲ ಅಸ್ರಾತ್‌ನೊಂದಿಗೆ ಕಾರಿಡಾರಿಗೆ ಬಂದು ಭೂಪಟದ ಕೆಳಗೆ ನಿಂತರು. ಅವನು ತನ್ನದೇ ದೊಡ್ಡ ನಗುವಿಗೆ ಬೆನ್ನು ಮಾಡಿ ನಿಂತಿದ್ದ. ಗೆಜೀನ ಮೆಲ್ಲಗೆ ಹಿಂದೆ ಸರಿದಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಕೇಕು ಕೊಯ್ಯಲು ತಂದ ಚಾಕು ಮೇಜಿನ ಮೇಲಿತ್ತು. ಟವಲು ಸರಿಸಿ, ಬುಟ್ಟಿಯ ಅಂಚಿಗೂ ರಟ್ಟಿಗೂ ನಡುವೆ ಚಾಕು ತೂರಿಸಿದಳು. ಅಂಟು ಕಲ್ಲಾಗಿತ್ತು. ಎಡಗೈಯಲ್ಲಿ ಬುಟ್ಟಿಯನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು, ಆಮೇಲೆ ಜೋರಾಗಿ. ಕಾರಿಡಾರಿನಲ್ಲಿ ಯಾರೋ ನಕ್ಕರು. ಬೇಗ, ಬೇಗ. ಚಾಕು ಜಾರಿ ಹುಲ್ಲಿನೊಳಗೆ ಹೋಯಿತು. ಒಂದು ಎಳೆ ಕಡಿಯಿತು, ಅಷ್ಟೇ. ಅದಾದ ಮೇಲೆ ಅವಳು ಏನೂ ಮಾಡಲಿಲ್ಲ, ಬುಟ್ಟಿ ತಾನಾಗಿಯೇ ಬಿಚ್ಚಿಕೊಂಡಿತು. ಸುತ್ತಿಗೆ ಸುತ್ತು ಸಡಿಲಿ, ಸಿಂಬಿ ಕಳಚಿ, ನೇರಳೆ ಹಸಿರು ಹುಲ್ಲು ಅವಳ ಮುಂಗೈ ಮೇಲೆ ಇಳಿಯಿತು. ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದು ಮತ್ತೆ ಸುತ್ತಲು ನೋಡಿದಳು. ಅದು ನಿಲ್ಲಲಿಲ್ಲ. ಮೂರು ವರ್ಷ ಚಹಾದ ಆವಿ ಕುಡಿದ ಹುಲ್ಲು ಮುಟ್ಟಿದಲ್ಲೆಲ್ಲ ಮುರಿಯುತ್ತಿತ್ತು. ಹೊರಗೆ ಬಾಗಿಲು ತೆರೆದ ಸದ್ದು, ಆಮೇಲೆ ಚಪ್ಪಾಳೆ. ಪಾಸಾದ. ಗೆಜೀನ ಸಿಕ್ಕಷ್ಟನ್ನು ಬಾಚಿ ತನ್ನ ಚೀಲಕ್ಕೆ ತುರುಕಿದಳು.

"ಅಯ್ಯೋ, ಬುಟ್ಟಿ ಎಲ್ಹೋಯ್ತು?" ಹೆನ್ರಿಕ ಬಾಗಿಲಲ್ಲಿ ನಿಂತಿದ್ದಳು.

"ಬಿದ್ಹೋಯ್ತು. ಬಿಚ್ಚಿಹೋಯ್ತು."

"ಹಾಳಾಗ್ಹೋಗ್ಲಿ, ಅವರು ಬಂದ್ಬಿಟ್ರು!" ಹೆನ್ರಿಕ ಕಿಟಕಿಯ ಮೇಲಿನ ಜಿರಾಫೆಯನ್ನು ಕೈಗೆತ್ತಿಕೊಂಡಳು, ಒಂದು ಗಳಿಗೆ ಗೆಜೀನಳ ಮುಖ ನೋಡಿದಳು, ಕೆಳಗಿಟ್ಟಳು. ಏನೂ ಇಲ್ಲದ ಟೊಪ್ಪಿಗೆಯನ್ನು ಹಿಡಿದು ಹೊರಗೆ ಓಡಿದಳು.

ಪ್ರೊಫೆಸರ್ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, "ಡಾಕ್ಟರ್ ಅಸ್ರಾತ್!" ಎಂದರು. ಅವನು ತಲೆ ಬಾಗಿಸುವ ಮೊದಲು ಅದನ್ನು ತನ್ನ ಕೈಗೆ ತೆಗೆದುಕೊಂಡ. ಉಳಿದವರ ಟೊಪ್ಪಿಗೆಗಳನ್ನು ಅವನು ನೋಡಿದ್ದ. ಯೋಸ್ಟ್‌ನದಕ್ಕೆ ಅವನೇ ಒಂದು ಪುಟ್ಟ ಗಿಟಾರು ಕೆತ್ತಿ ಕೊಟ್ಟಿದ್ದ. ಮೆಲ್ಲಗೆ ಒಂದು ಸುತ್ತು ತಿರುಗಿಸಿ ನೋಡಿದ. ಮೇಲಿನ ಚೌಕದ ಮೇಲೆ ಅಂಟಿನ ಉಂಗುರವೊಂದು ಉಳಿದಿತ್ತು, ಅದರೊಳಗೆ ಸಿಕ್ಕಿಕೊಂಡ ನೇರಳೆ ಹುಲ್ಲಿನ ಚೂರುಗಳು. ಅವನ ಬೆರಳು ಅಲ್ಲಿ ನಿಂತಿತು. ಯಾರ ಮುಖವನ್ನೂ ನೋಡಲಿಲ್ಲ. ಟೊಪ್ಪಿಗೆಯನ್ನು ಪ್ರೊಫೆಸರರಿಗೆ ವಾಪಸು ಕೊಟ್ಟು ತಲೆ ಬಾಗಿಸಿದ. ಎಲ್ಲರೂ ಬೆರಳಗಂಟುಗಳಿಂದ ಮೇಜು, ಗೋಡೆ, ಬಾಗಿಲು ಬಡಿದು ತಮ್ಮ ರೂಢಿಯಂತೆ ಸಂತೋಷ ತೋರಿಸಿದರು. ಕ್ಯಾಮೆರಾ ಮಿಂಚಿತು.

ಆಮೇಲೆ ಅವನು ತಪಲೆಯ ಬಟ್ಟೆ ತೆಗೆದ. ಹುಳಿ ಬಂದ ದೋಸೆಯಂಥ ಅಗಲವಾದ ರೊಟ್ಟಿಗಳನ್ನು ತಟ್ಟೆಯ ತುಂಬ ಹಾಸಿ, ಮೇಲೆ ಕೆಂಪನೆಯ ಬೇಳೆ, ಸೊಪ್ಪು ಬಡಿಸಿದ. ಪ್ರೊಫೆಸರ್ ಫೋರ್ಕು ಹುಡುಕಿದರು. "ಚಮಚ ಗಿಮಚ ಇಲ್ವೇನ್ರೀ?"

"ಇವತ್ತು ನಾನು ಡಾಕ್ಟರು, ನಾನು ಹೇಳ್ದಂಗೆ ಕೇಳ್ಬೇಕು," ಎಂದ ಅಸ್ರಾತ್. ಅವನು ತಮಾಷೆ ಮಾಡಿದ್ದನ್ನು ಅವರು ಕೇಳಿದ್ದು ಇದೇ ಮೊದಲು. "ಬಾಯಿ ತೆಗೀರಿ ಪ್ರೊಫೆಸರ್." ರೊಟ್ಟಿಯ ಚೂರಿನಲ್ಲಿ ಬೇಳೆ ಸುತ್ತಿ, ಉಂಡೆ ಮಾಡಿ, ಅವರ ಬಾಯಿಗೇ ಇಟ್ಟ. ಅರವತ್ತು ದಾಟಿದ ಓಸ್ಟರ್‌ಲೋ ಇಂಗು ತಿಂದ ಮಂಗನಂತೆ ಕಣ್ಣು ಬಿಟ್ಟರು. ಎಲ್ಲರೂ ಕೇಕೆ ಹಾಕಿದರು. "ಇನ್ನೊಂದು," ಎಂದು ಮತ್ತೆ ಸುತ್ತಿದ. "ನಮ್ಮ ಕಡೆ ಒಂದೇ ತುತ್ತು ಕೊಡೋ ಹಾಗಿಲ್ಲ. ಒಂದು ಕೊಟ್ರೆ ಜಗಳ, ಎರಡು ಕೊಟ್ರೆ ಸ್ನೇಹ." ಪ್ರೊಫೆಸರಿಗೆ ಎರಡು, ಹೆನ್ರಿಕಳಿಗೆ ಎರಡು. ಯೋಸ್ಟ್ ಬೆರಳನ್ನೇ ಕಚ್ಚುವವನಂತೆ ಬಾಯಿ ಹಾಕಿ, "ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ಯೋ ಇದನ್ನ?" ಎಂದ.

"ನೀವ್ಯಾರೂ ಕೇಳ್ಲಿಲ್ಲ," ಎಂದು ಅಸ್ರಾತ್ ನಕ್ಕ. ಯೋಸ್ಟ್ ಅಗಿಯುವುದನ್ನು ಒಂದು ಕ್ಷಣ ನಿಲ್ಲಿಸಿದ, ಆಮೇಲೆ ಎರಡನೆಯದಕ್ಕೆ ಬಾಯಿ ತೆರೆದ.

ಗೆಜೀನ ಗೋಡೆಗೆ ಒತ್ತಿ ನಿಂತಿದ್ದಳು, ಚೀಲ ಕಾಲ ಬಳಿ. ಅವನು ತಟ್ಟೆ ಹಿಡಿದು ಅವಳ ಮುಂದೆ ಬಂದ. ಟೊಪ್ಪಿಗೆಯ ಕುಚ್ಚು ಅವನ ಕಿವಿಯ ಪಕ್ಕ ತೂಗುತ್ತಿತ್ತು. ಅವಳ ತೋಳಿನ ಉಣ್ಣೆಗೆ ಒಂದು ಹಸಿರು ಎಳೆ ಸಿಕ್ಕಿಕೊಂಡಿತ್ತು. ಅದನ್ನು ಅವಳೂ ಈಗಲೇ ನೋಡಿದ್ದು. ಅಸ್ರಾತ್ ಎರಡು ಬೆರಳಲ್ಲಿ ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಉದ್ದ ತೋಳಿನ ಆ ಕೋಟಿನ ಜೇಬಿಗೆ ಹಾಕಿಕೊಂಡ. "ಅಸ್ರಾತ್, ನಾನು ಅದನ್ನ..." ಎಂದು ಅವಳು ತೊಡಗಿದಳು. ಅವನು ತುತ್ತು ಸುತ್ತುತ್ತಿದ್ದ. ಬೇರೆಯವರಿಗೆ ಸುತ್ತಿದಷ್ಟೇ ಜಾಗ್ರತೆಯಿಂದ, ಬೇಳೆ ಸೋರದಂತೆ ಅಂಚು ಮಡಿಸಿ. ತೆರೆದ ಬಾಯಿಗೆ ತುತ್ತು ಬಂತು. ಖಾರ, ಹುಳಿ, ಬೆಚ್ಚಗೆ. ಎಷ್ಟು ದೊಡ್ಡ ತುತ್ತೆಂದರೆ ಮಾತಿಗೆ ಜಾಗವಿರಲಿಲ್ಲ.

"ಫೋಟೋ ಬೇಡ ಬಿಡಿ, ಫ್ರಾವ್ ಗೆಜೀನ," ಎಂದ ಅವನು, ಅವಳಿಗಷ್ಟೇ ಕೇಳುವಂತೆ. "ಅಮ್ಮನಿಗೆ ನಾನೇ ಏನಾದ್ರೂ ಹೇಳ್ಕೋತೀನಿ. ಇಷ್ಟು ವರ್ಷ ಹೇಳ್ತಾನೇ ಬಂದಿದೀನಲ್ಲ."

ಅವಳು ತಲೆಯಾಡಿಸಿದಳು, ಬೇಡವೆಂದೋ ಸರಿಯೆಂದೋ ಅವಳಿಗೇ ತಿಳಿಯದು. ಕಣ್ಣಲ್ಲಿ ನೀರು ಬಂತು. ನೋಡಿದವರು ಖಾರಕ್ಕೆಂದು ತಿಳಿದು ನಕ್ಕರು. ಅವನ ಬೆರಳುಗಳು ತಟ್ಟೆಗೆ ಹೋದವು, ರೊಟ್ಟಿಯ ಇನ್ನೊಂದು ಚೂರು ಹರಿದವು. ಅಷ್ಟರಲ್ಲಿ ಫೋಟೋದವನು, "ಡಾಕ್ಟರ್, ಭೂಪಟದ ಮುಂದೆ ಒಂದು! ಬೆಳಕು ಹೋಗ್ತಿದೆ, ಬೇಗ!" ಎಂದು ಕೂಗಿದ. ಪ್ರೊಫೆಸರ್ ಅವನ ಹೆಗಲ ಮೇಲೆ ಕೈ ಹಾಕಿದರು. ಅಸ್ರಾತ್ ಹರಿದ ಚೂರನ್ನು ತಟ್ಟೆಯಲ್ಲೇ ಬಿಟ್ಟು, ತಟ್ಟೆಯನ್ನು ಹೆನ್ರಿಕಳ ಕೈಗೆ ಕೊಟ್ಟು ಹೋದ.

ಕಾರಿಡಾರಿನಿಂದ ಎಲ್ಲರೂ ಒಟ್ಟಿಗೆ ನಗುವ ಸದ್ದು ಬಂತು. ಹೆನ್ರಿಕ ತಟ್ಟೆ ಚಾಚಿ, "ತಗೋಳೇ, ಇನ್ನೂ ಇದೆ," ಎಂದಳು. ಗೆಜೀನ ಬೇಡವೆಂದು ಕೈಯಾಡಿಸಿದಳು. ಅವಳು ಬಾಯಲ್ಲಿದ್ದುದನ್ನು ನುಂಗಿ ಆಗಿತ್ತು. ಕುಚ್ಚಿನ ಟೊಪ್ಪಿಗೆ ಬಾಗಿಲಿನಾಚೆ ಒಮ್ಮೆ ಕಂಡಿತು, ಮರೆಯಾಯಿತು. ಅವನು ವಾಪಸು ಬರಬಹುದು, ತಟ್ಟೆ ಇನ್ನೂ ಇಲ್ಲೇ ಇದೆಯಲ್ಲ. ಅವಳು ಗೋಡೆಗೆ ಒತ್ತಿಕೊಂಡು, ಬಾಯಿಯನ್ನು ಸ್ವಲ್ಪ ತೆರೆದುಕೊಂಡೇ, ಎರಡನೆಯದಕ್ಕೆ ಕಾಯುತ್ತಾ ನಿಂತಳು.